ಎರಡು ಇಂಚು ಒಳಗೆ

ರಾಯದುರ್ಗ
11-6-2024

ಅಕ್ಕ,

ಸಿರಿಯನ್ನು ನಿನ್ನ ಕೈಗೆ ಒಪ್ಪಿಸಿ ಮೊನ್ನೆ ಮನೆ ಸೇರಿದೆ. ಫೋನ್ ಇಟ್ಟುಕೊಂಡು ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡ. ನಿಮ್ಮ ಮನೆಯ ಫೋನು ಭಾವನ ಜೇಬಿನಲ್ಲಿರುತ್ತದೆ, ಇಲ್ಲವೆಂದರೆ ನಡುಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಕೂಗುತ್ತಿರುತ್ತದೆ. ಮಗಳ ವಿಷಯವನ್ನು ಮಗಳ ಕಿವಿಗೆ ಬೀಳದ ಹಾಗೆ ಮಾತಾಡಲು ನನಗೆ ಬೇರೆ ದಾರಿ ಕಾಣಲಿಲ್ಲ. ಅವಳಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ, ಓದಿದ ಮೇಲೆ ಎತ್ತಿಡು.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲವನ್ನೂ ಹೇಳಲಾಗಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ನನ್ನಷ್ಟೇ ತೂಕವಿದೆ. ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು. ಕತ್ತಿನ ಹಿಂದೆ ಕಪ್ಪು ಕಟ್ಟಿದೆ. ನಾನು ಕೊಳೆ ಎಂದುಕೊಂಡು ಎಷ್ಟು ದಿನ ಉಜ್ಜಿದೆನೋ. ಅದು ಕೊಳೆಯಲ್ಲ, ಮುಂದೆ ಸಕ್ಕರೆ ಕಾಯಿಲೆ ಬರುವ ಲಕ್ಷಣವಂತೆ. ತೂಕ ಇಳಿಸಬೇಕು ಎಂದರು ಡಾಕ್ಟರು.

ತಪ್ಪು ನಮ್ಮದೂ ಇದೆ, ಇಲ್ಲವೆನ್ನುವುದಿಲ್ಲ. ಇವರು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್, ನಾನು ಮನೆಯಲ್ಲಿ ಮಿಷನ್ ಮುಂದೆ. ಅವಳು ಸ್ಕೂಲಿನಿಂದ ಬಂದು ಹಸಿವು ಎಂದರೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುತ್ತಿದ್ದೆ. ಒಂದು ಪ್ಯಾಕೆಟ್, ಒಂದು ಸಿಹಿನೀರಿನ ಬಾಟಲಿ. ಆಡಲು ಜಾಗವೆಲ್ಲಿದೆ? ಬೀದಿಯ ತುಂಬ ಪ್ಯಾಂಟಿನ ಗಂಟುಗಳು, ಅವುಗಳ ಮೇಲೆ ಕುಳಿತು ಫೋನ್ ನೋಡುವುದೇ ಅವಳ ಆಟ. ನಿಮ್ಮ ಊರಿನಲ್ಲಾದರೆ ಹೊಲವಿದೆ, ಸ್ಕೂಲಿಗೆ ನಡೆಯಬೇಕು.

ಆದರೆ ನಿನ್ನದೇ ಭಯ ನನಗೆ. ಯಾರಾದರೂ ಬಂದರೆ ಸಾಕು, ಬಡಿಸಿದ್ದೇ ಬಡಿಸಿದ್ದು. ಅವಳು ಅತ್ತರೂ ಕರಗಬೇಡ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಅಪ್ಪ ಹೇಳುತ್ತಿದ್ದುದು ನೆನಪಿದೆಯಲ್ಲ.

ವಾಪಸ್ ಬಸ್ಸು ಹತ್ತುವಾಗ ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಹತ್ತುತ್ತಿರಲಿಲ್ಲ.

ನಿನ್ನ ತಂಗಿ,
ಪ್ರಸನ್ನ


ರೊಳ್ಳ, ಮಡಕಶಿರ ತಾಲೂಕು
4-7-2024

ಪ್ರಸನ್ನ,

ನಿನ್ನ ಕಾಗದವನ್ನು ಪೋಸ್ಟ್‌ಮ್ಯಾನ್ ತಂದುಕೊಟ್ಟಾಗ ನಿನ್ನ ಭಾವ ಬ್ಯಾಂಕಿನ ನೋಟೀಸೆಂದು ಹೆದರಿದರು. ಕೈಬರಹ ನೋಡಿ, "ನಿನ್ ತಂಗಿ ಇನ್ನೂ ಕೋಳಿ ಕೆದರಿದಂಗೇ ಬರೀತಾಳೆ" ಎಂದರು. ಅಪ್ಪನ ಗಾದೆಯಲ್ಲಿ ಅರ್ಧ ಮಾತ್ರ ಬರೆದಿದ್ದೀಯ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದನ್ನು ನೀನು ಚಿಕ್ಕಂದಿನಿಂದಲೂ ಬಿಟ್ಟೇ ಹೇಳುತ್ತೀಯ.

ಮೊದಲ ವಾರ ಕಷ್ಟವಾಯಿತು. ಮುದ್ದೆ ಕಂಡರೆ ಮುಖ ಸಿಂಡರಿಸುವಳು, ಅಂಗಡಿ ಎಲ್ಲಿ ಎಂದು ಕೇಳುವಳು. ನಾನು ಬೈಯಲೂ ಇಲ್ಲ, ಕರಗಲೂ ಇಲ್ಲ. ನಾವು ಏನು ಉಣ್ಣುತ್ತೇವೋ ಅದನ್ನೇ ಇಟ್ಟೆ. ಈಗ ಸೊಪ್ಪಿನ ಸಾರಿಗೆ ಮುದ್ದೆ ಅದ್ದಿ ನುಂಗುವುದನ್ನು ಕಲಿತಿದ್ದಾಳೆ. ಎದುರು ಮನೆಯ ತ್ರಿವೇಣಿ ಇವಳದೇ ಕ್ಲಾಸು. ಇಬ್ಬರೂ ಸ್ಕೂಲಿಗೆ ನಡೆದು ಹೋಗಿ ನಡೆದು ಬರುತ್ತಾರೆ. ಬಂದವಳು ನೇರ ಹುಳದ ಮನೆಗೆ ಹೋಗುತ್ತಾಳೆ. ರೇಷ್ಮೆ ಹುಳ ಸೊಪ್ಪು ತಿನ್ನುವ ಸದ್ದು ಅವಳಿಗೆ ಬಹಳ ಹಿಡಿಸಿದೆ. ತೋಟದಿಂದ ಹಿಪ್ಪುನೇರಳೆ ಸೊಪ್ಪು ಹೊತ್ತು ತರುತ್ತಾಳೆ. "ನನಗಿಂತ ಮುಂದೆ ಓಡ್ತಾಳೆ ಕಣೇ" ಎನ್ನುತ್ತಾರೆ ನಿನ್ನ ಭಾವ.

ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಇಲ್ಲಿಯ ಡಾಕ್ಟರಮ್ಮ ಬೇರೆಯೇ ಹೇಳಿದರು. "ಬೆಳೆಯೋ ಹುಡುಗಿ, ತೂಕ ಇಳಿಸೋಕೆ ಹೋಗ್ಬೇಡಿ. ಇರೋ ತೂಕ ಹಂಗೇ ನಿಲ್ಲಲಿ, ಎತ್ತರ ಬೆಳೀಲಿ, ಒಂದೆರಡು ವರ್ಷಕ್ಕೆ ತಾನೇ ಸರಿಹೋಗುತ್ತೆ. ಪ್ಯಾಕೆಟ್ ತಿಂಡಿ ಬಿಡ್ಸಿ, ಚೆನ್ನಾಗಿ ಆಡಿಸಿ. ಮೈ ಬಗ್ಗೆ ಅವಳ ಮುಂದೆ ಏನೂ ಅನ್ಬೇಡಿ" ಎಂದರು. ನಿಮ್ಮ ಡಾಕ್ಟರೂ ಹೀಗೇ ಹೇಳಿದರೇ, ಇಲ್ಲಾ ಇಳಿಸಲೇಬೇಕು ಎಂದರೇ? ಬರೆ.

ಇನ್ನೊಂದು ಮಾತು. ಮಲಗುವಾಗ ಕೇಳಿದಳು: "ದೊಡ್ಡಮ್ಮ, ಅಮ್ಮ ಯಾಕ ತಿರುಗಿ ನೋಡ್ಲಿಲ್ಲ? ನಾನು ದಪ್ಪ ಅದೀನಿ ಅಂತ ಬಸ್ ಸ್ಟ್ಯಾಂಡಿನಾಗ ನಾಚಿಕಿ ಆತೇನು ಆಕಿಗೆ?" ಅಲ್ಲ ಕಣೇ, ಅಳು ಬಂದಿತ್ತು ಅವಳಿಗೆ ಎಂದೆ. ನಂಬಿದಂತೆ ಕಾಣಲಿಲ್ಲ. ಅವಳಿಗೆಂದೇ ನೀನು ಎರಡು ಸಾಲು ಬರೆದರೆ ಒಳ್ಳೆಯದು.

ಅಂಬಮ್ಮ


ರಾಯದುರ್ಗ
8-8-2024

ಅಕ್ಕ,

ಈ ಕಾಗದವನ್ನು ಬಟ್ಟೆಯ ಗಂಟಿನಲ್ಲೇ ಇಟ್ಟು ಕಳಿಸುತ್ತಿದ್ದೇನೆ. ಎರಡು ಜೊತೆ ಯೂನಿಫಾರಂ, ಗೌರಿ ಹಬ್ಬಕ್ಕೆಂದು ಒಂದು ಜೀನ್ಸ್ ಪ್ಯಾಂಟು. ಬಟ್ಟೆ ಒಳ್ಳೆಯದು, ಇವರು ಸ್ಯಾಂಪಲ್ಲಿನಿಂದ ಎತ್ತಿಟ್ಟಿದ್ದು.

ನಡುವಿನ ಅಳತೆಯನ್ನು ಎರಡು ಇಂಚು ಒಳಗೆ ಹಿಡಿದಿದ್ದೇನೆ. ಬೆಳೆಯುವ ಮಕ್ಕಳಿಗೆ ಎಲ್ಲರೂ ದೊಡ್ಡದು ಹೊಲಿಯುತ್ತಾರೆ, ಗೊತ್ತು. ನಾನು ಬೇಕೆಂದೇ ಹೀಗೆ ಮಾಡಿದ್ದೇನೆ. ನಮ್ಮ ಕೆಲಸವೇ ಹಾಗೆ ಅಕ್ಕ. ದಿನವೆಲ್ಲ ನಡುಪಟ್ಟಿ ಹೊಲಿಯುತ್ತೇನೆ, ಅದನ್ನು ತೊಡುವ ಒಂದು ಮೈಯನ್ನೂ ನೋಡಿದವಳಲ್ಲ. ಇಲ್ಲಿ ಮೊದಲು ಸೈಜು, ಆಮೇಲೆ ಮನುಷ್ಯ. ಪ್ಯಾಂಟು ಎದುರಿಗೆ ತೂಗಾಡುತ್ತಿದ್ದರೆ ಅವಳಿಗೂ ಒಂದು ಗುರಿ ಇರುತ್ತದೆ. ನೋಡು, ಹಬ್ಬದ ಹೊತ್ತಿಗೆ ಹಿಡಿಸುತ್ತದೆ.

ಡಾಕ್ಟರುಗಳು ಹತ್ತು ಮಾತು ಹೇಳುತ್ತಾರೆ. ನಮಗೆ ಬೇಕಾದದ್ದನ್ನು ನಾವು ಹಿಡಿಯಬೇಕು.

ಬಸ್ ಸ್ಟ್ಯಾಂಡಿನ ಮಾತು ಮಕ್ಕಳ ಮಾತು, ತಲೆಗೆ ಹಚ್ಚಿಕೊಳ್ಳಬೇಡ. ಅವಳಿಗೆ ಬರೆಯಲು ಕುಳಿತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಗಂಟು ಒಯ್ಯಲು ಆಟೋ ಬಂತು. ಫೋನಿನಲ್ಲಿ ಮಾತಾಡುತ್ತಿದ್ದೇನಲ್ಲ, ಚೆನ್ನಾಗಿದೀನಿ ಎನ್ನುತ್ತಾಳೆ. ಈಚೆಗೆ "ಹೂಂ ಕಣಮ್ಮ" ಎನ್ನುವುದನ್ನು ಕಲಿತಿದ್ದಾಳೆ, ನಿಮ್ಮ ಸೀಮೆಯ ರಾಗ. ಇವರು ನಕ್ಕರು. ನನಗೇಕೋ ನಗು ಬರಲಿಲ್ಲ.

ಪ್ರಸನ್ನ


ರೊಳ್ಳ
14-9-2024

ಪ್ರಸನ್ನ,

ಪ್ಯಾಂಟು ಹಿಡಿಸಿತು. ಹಬ್ಬದ ದಿನ ತೊಟ್ಟುಕೊಂಡು ಕೇರಿಯೆಲ್ಲ ತಿರುಗಿದಳು. "ನಮ್ಮಮ್ಮ ಹೊಲ್ದಿದ್ದು" ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು. ಗಣೇಶನನ್ನು ಬಿಡುವಾಗ ಹುಡುಗಿಯರ ಜೊತೆ ಕುಣಿದಳು, ಏದುಸಿರು ಬರಲಿಲ್ಲ. ಕತ್ತಿನ ಕಪ್ಪು ಸ್ವಲ್ಪ ತಿಳಿಯಾಗಿದೆ ಎನಿಸುತ್ತದೆ. ಬಾಗಿಲ ಚೌಕಟ್ಟಿನ ಪಕ್ಕ ನಿಲ್ಲಿಸಿ ನೋಡಿದರೆ ಬೆರಳಗಲ ಎತ್ತರವಾಗಿದ್ದಾಳೆ. ತೂಕ ಬಂದಾಗ ಎಷ್ಟಿತ್ತೋ ಅಷ್ಟೇ ಇದೆ. ಡಾಕ್ಟರಮ್ಮನಿಗೆ ಸಂತೋಷವಾಯಿತು. ಖೊಖೊ ಆಟಕ್ಕೂ ಸೇರಿಸಿಕೊಂಡಿದ್ದಾರಂತೆ.

ಒಂದು ಕೇಳಿಕೊಳ್ಳುತ್ತೇನೆ, ಇನ್ನು ಮೇಲೆ ಬಟ್ಟೆ ಕಳಿಸಬೇಡ. ಬೆಳೆಯುವ ಹುಡುಗಿ, ಅಳತೆ ಒಂದು ಕಡೆ ನಿಲ್ಲುವುದಿಲ್ಲ. ಬೇಕಾದರೆ ಇಲ್ಲೇ ಕೊಳ್ಳುತ್ತೇನೆ. ದಸರೆಗೆ ಬಂದು ಮಗಳನ್ನು ನೋಡಿಕೊಂಡು ಹೋಗು. ಬಟ್ಟೆಗಿಂತ ನೀನು ಬಂದರೆ ಅವಳಿಗೆ ಹೆಚ್ಚು.

ಅಂಬಮ್ಮ


ರಾಯದುರ್ಗ
30-9-2024

ಅಕ್ಕ,

ನಿನ್ನ ಕಾಗದ ಓದಿ ಮಿಷನ್ ನಿಲ್ಲಿಸಿ ಅತ್ತುಬಿಟ್ಟೆ. ಪ್ಯಾಂಟು ಹಿಡಿಸಿತೆಂದರೆ ಎರಡು ಇಂಚು ಕರಗಿತು ಎಂದರ್ಥ. ತೂಕ ಹಾಗೇ ಇದೆ ಎಂದು ನೀನು ಬರೆದಿದ್ದೀಯ, ನಿಮ್ಮ ಆಸ್ಪತ್ರೆಯ ತಕ್ಕಡಿ ಸರಿಯಿಲ್ಲದಿರಬೇಕು. ಬಟ್ಟೆ ಸುಳ್ಳು ಹೇಳುವುದಿಲ್ಲ. ಪಕ್ಕದ ಮನೆಯ ಅನಂತಮ್ಮನಿಗೆ ಹೇಳಿದೆ. ಅವಳು, "ಹೌದ್ರಿ? ನಮ್ಮ ಹುಡುಗಿನೂ ಕಳಿಸ್ಲೇನ್ರಿ ನಿಮ್ಮಕ್ಕನ ಹತ್ರ?" ಎಂದಳು.

ಬೇಡ ಎಂದರೂ ಕಳಿಸುತ್ತಿದ್ದೇನೆ, ಬೈಯಬೇಡ. ರೇಷ್ಮೆ ಅಂಚಿನ ಲಂಗ, ರವಿಕೆ. ಮತ್ತೆರಡು ಇಂಚು ಒಳಗೆ.

ದಸರೆಗೆ ಬರಲು ಆಗುವುದಿಲ್ಲ, ಮುಂಬಯಿಯ ಆರ್ಡರ್ ತಲೆಯ ಮೇಲೆ ಕೂತಿದೆ. ಅವಳನ್ನಾದರೂ ಕರೆಸೋಣ ಎಂದರು ಇವರು. ನಾನೇ ಬೇಡವೆಂದೆ. ಅರ್ಧಂಬರ್ಧ ಇಳಿದವಳನ್ನು ಕರೆಸಿದರೆ ಇಲ್ಲಿಯ ಬೀದಿ ಮತ್ತೆ ಅದೇ ಮಾತಾಡುತ್ತದೆ. ಪೂರಾ ಇಳಿದು ಬರಲಿ, ನೋಡಿದವರು ಬಾಯಿ ಮುಚ್ಚಿಕೊಳ್ಳಲಿ. ಮೊನ್ನೆ ಫೋನಿನಲ್ಲಿ ಅವಳಿಗೂ ಹೇಳಿದೆ, "ಈ ಲಂಗ ನಿನಗ ಹಿಡಿಸಿದ ದಿನ ಬಂದು ಕರಕೊಂಡು ಬರ್ತೀನಿ" ಎಂದು. ಎಷ್ಟು ಹುರುಪಿನಿಂದ ಹೂಂ ಎಂದಳು ಗೊತ್ತೇ.

ಪ್ರಸನ್ನ


ರೊಳ್ಳ
26-10-2024

ಪ್ರಸನ್ನ,

ನೀನು ಫೋನಿನಲ್ಲಿ ಆ ಮಾತು ಹೇಳಬಾರದಿತ್ತು. ಹೇಳಿದ್ದು ಹೇಳಿಯಾಯಿತು.

ಈಚೆಗೆ ಅವಳ ಊಟ ಕಡಿಮೆಯಾಗಿದೆ. ಎರಡು ತುತ್ತಿಗೆ "ಸಾಕು, ಹೊಟ್ಟೆ ತುಂಬ್ತು" ಎಂದು ಎದ್ದುಬಿಡುತ್ತಾಳೆ. ಯಾಕೆ ಎಂದು ಕೇಳಿದರೆ ತ್ರಿವೇಣಿ ಮನೆಯಲ್ಲಿ ತಿಂದೆ ಎನ್ನುತ್ತಾಳೆ. ನಾನು ಹುಳ ಸಾಕುವವಳು. ಹಣ್ಣಾದ ಹುಳ ಸೊಪ್ಪು ಬಿಟ್ಟರೆ ಗೂಡು ಕಟ್ಟುತ್ತದೆ ಎಂದು ಗೊತ್ತು. ಮಕ್ಕಳು ಊಟ ಬಿಟ್ಟರೆ ಏನೆಂದು ನನಗೆ ತಿಳಿಯುತ್ತಿಲ್ಲ. ಹವಾ ಬದಲಾಗಿದ್ದಕ್ಕೆ ಇರಬಹುದೇನೋ. ಖೊಖೊಗೆ ಹೋಗುತ್ತಿಲ್ಲ, ಕಾಲು ನೋವು ಎನ್ನುತ್ತಾಳೆ.

ಒಂದು ದಿನದ ಮಟ್ಟಿಗೆ ಬಂದು ಹೋಗು. ಬೆಳಗಿನ ಬಸ್ಸಿಗೆ ಬಂದು ಸಂಜೆಗೆ ಹೊರಟುಬಿಡು. ಲಂಗದ ವಿಷಯ ಎತ್ತಬೇಡ. ಸುಮ್ಮನೆ ಬಂದು ಅವಳ ಪಕ್ಕದಲ್ಲಿ ಕುಳಿತು ಒಂದು ಹೊತ್ತು ಊಟ ಮಾಡು.

ಅಂಬಮ್ಮ


ರಾಯದುರ್ಗ
9-11-2024

ಅಕ್ಕ,

ಒಂದು ತುತ್ತು ಕಡಿಮೆ ತಿಂದರೆ ಯಾರೂ ಸಾಯುವುದಿಲ್ಲ. ಇದಕ್ಕೇ ತಾನೇ ಅವಳನ್ನು ಕಳಿಸಿದ್ದು. ಇಲ್ಲಿದ್ದಾಗ ತಟ್ಟೆ ಬಿಟ್ಟು ಏಳುತ್ತಿರಲಿಲ್ಲ, ಈಗ ತಾನಾಗಿ ಸಾಕು ಎನ್ನುತ್ತಾಳೆಂದರೆ ಬುದ್ಧಿ ಬಂತು ಎಂದು ನಾನು ಸಂತೋಷಪಟ್ಟರೆ ನೀನು ಹೆದರಿಸುತ್ತೀಯ. ನಿನ್ನದು ಮೊದಲಿನಿಂದಲೂ ಮೆತ್ತಗಿನ ಮನಸ್ಸು.

ನನ್ನ ಹೊಟ್ಟೆಯ ಸಂಕಟ ನಿನಗೆ ಹೇಗೆ ತಿಳಿಯಬೇಕು? ಸ್ಕೂಲ್ ಡೇ ದಿನ ಅವಳು ಕುಣಿಯಲು ನಿಂತಾಗ ಹಿಂದೆ ಕುಳಿತ ಹೆಂಗಸರು ನಕ್ಕಿದ್ದನ್ನು ಕೇಳಿದವಳು ನಾನು. ನಾಳೆ ಅವಳಿಗೆ ಸಕ್ಕರೆ ಕಾಯಿಲೆ ಬಂದರೆ ಸೂಜಿ ಚುಚ್ಚಬೇಕಾದವಳೂ ನಾನೇ. ಹೆತ್ತವಳಿಗೆ ಇರುವ ಭಯ ಬೇರೆಯವರಿಗೆ ಇರುವುದಿಲ್ಲ.

ಆರ್ಡರ್ ಮುಗಿಯಲಿ, ಸಂಕ್ರಾಂತಿಗೆ ಬರುತ್ತೇನೆ. ಅಷ್ಟರಲ್ಲಿ ಲಂಗ ಹಿಡಿಸಿರುತ್ತದೆ.

ಪ್ರಸನ್ನ


ಮಡಕಶಿರ
5-12-2024

ಪ್ರಸನ್ನ,

ನಿನ್ನ ಹೋದ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಹೆತ್ತವಳಲ್ಲದವಳು ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ಮುನಿಸು ಮಾಡಿಕೊಂಡು ಕುಳಿತೆ. ಆ ಮುನಿಸಿನಲ್ಲಿ ಕಳೆದ ದಿನಗಳು ಈಗ ನನ್ನನ್ನು ತಿನ್ನುತ್ತಿವೆ.

ಫೋನಿನಲ್ಲಿ ತಲೆ ಸುತ್ತಿ ಬಿದ್ದಳು ಎಂದಷ್ಟೇ ಹೇಳಿದೆ, ಪಕ್ಕದಲ್ಲೇ ಅವಳಿದ್ದಳು. ಉಳಿದದ್ದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಭಾವ ನಾಳೆ ಮಡಕಶಿರದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕೈಗೆ ಕೊಡುತ್ತಾರೆ. ಅವಳನ್ನು ನೋಡುವ ಮೊದಲು ಇದನ್ನು ಓದು.

ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತವಳು ಹಾಗೇ ಕುಸಿದಳಂತೆ. ಹಲ್ಲು ತುಟಿಗೆ ಚುಚ್ಚಿ ರಕ್ತ. ಆಟೋದಲ್ಲಿ ಮಡಕಶಿರಕ್ಕೆ ಕರೆತಂದೆವು. ಗ್ಲೂಕೋಸ್ ಹಾಕಿದರು. ಮೈಯಲ್ಲಿ ರಕ್ತವಿಲ್ಲ, ಸಕ್ಕರೆ ಇಳಿದುಹೋಗಿದೆ ಎಂದರು. ಡಾಕ್ಟರು ಕೇಳಿದರು, "ಈ ಹುಡುಗಿ ಎಷ್ಟು ದಿನದಿಂದ ಊಟ ಮಾಡಿಲ್ಲ? ನೀವೆಲ್ಲ ಏನ್ ಮಾಡ್ತಿದ್ರಿ?" ನನ್ನ ಮನೆಯಲ್ಲಿ ತ್ರಿವೇಣಿ ಮನೆಯಲ್ಲಿ ತಿಂದೆ ಎಂದಿದ್ದಾಳೆ, ತ್ರಿವೇಣಿ ಮನೆಯಲ್ಲಿ ದೊಡ್ಡಮ್ಮನ ಹತ್ತಿರ ತಿಂದೆ ಎಂದಿದ್ದಾಳೆ. ಬುತ್ತಿಯನ್ನು ದಾರಿಯಲ್ಲಿ ಮೇಕೆಗಳಿಗೆ ಹಾಕುತ್ತಿದ್ದಳಂತೆ.

ಈಗ ನನ್ನ ಪಾಲಿನದನ್ನು ಕೇಳು. ಆ ಪ್ಯಾಂಟು ಅವಳಿಗೆ ಹಿಡಿಸಿರಲಿಲ್ಲ. ತೊಡಲು ಹೋಗಿ ಗುಂಡಿ ಸೇರದೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಅವಳು ಸ್ಕೂಲಿಗೆ ಹೋದಾಗ ನೀನು ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಅಗಲ ಮಾಡಿ, ಕೈಸೂಜಿಯಲ್ಲಿ ಹೊಲಿದೆ. ಲಂಗಕ್ಕೂ ಹಾಗೇ ಮಾಡಿದೆ. ಹಬ್ಬದ ದಿನ ಮಗು ನಗಲಿ ಎಂದು, ನೀನೂ ಸಂತೋಷವಾಗಿರಲಿ ಎಂದು. ನನ್ನ ಸುಳ್ಳನ್ನು ನಂಬಿ ನೀನು ಮತ್ತೆರಡು ಇಂಚು ಒಳಗೆ ಹಿಡಿದೆ.

ಅವಳು ಹೊಲಿಗೆಯವರ ಮಗಳು ಎಂಬುದನ್ನು ಮರೆತಿದ್ದೆ. ಮಿಷನ್ ಹೊಲಿಗೆ ಯಾವುದು, ಕೈಹೊಲಿಗೆ ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗಿದೆ. ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಬಟ್ಟೆ ತರಲು ಮನೆಗೆ ಹೋದಾಗ ಲಂಗ ಸಿಕ್ಕಿತು. ನಾನು ಬಿಚ್ಚಿದ್ದನ್ನು ಅವಳು ಮತ್ತೆ ಒಳಗೆ ಹಿಡಿದು ಹೊಲಿದಿದ್ದಾಳೆ. ನಿನ್ನ ಮಿಷನ್ ಸೂಜಿ ಹೋದ ತೂತುಗಳ ಮೇಲೇ, ಒಂದೂ ತಪ್ಪದ ಹಾಗೆ.

ಯಾಕವ್ವಾ ಹಿಂಗ್ ಮಾಡ್ದೆ ಎಂದು ಕೇಳಿದೆ. "ನೀನು ಬಿಚ್ಚಿದ್ದು ನಂಗೆ ಗೊತ್ತಿತ್ತು ದೊಡ್ಡಮ್ಮ. ಅಮ್ಮ ಹೊಲ್ದಿದ್ದು ನಿಜವಾಗ್ಲೂ ಹಿಡಿಸ್ಬೇಕಲ್ಲ, ಇಲ್ದಿದ್ರೆ ಮನೆಗೆ ಕರ್ಕೊಂಡು ಹೋಗಲ್ಲ" ಎಂದಳು.

ಬೇಗ ಬಾ.

ಅಂಬಮ್ಮ


ರಾಯದುರ್ಗ
22-12-2024

ಅಕ್ಕ,

ಊರಿಗೆ ವಾಪಸ್ ಬಂದು ಒಂದು ವಾರವಾಯಿತು. ಮಿಷನ್ ಮುಂದೆ ಕುಳಿತರೆ ಕೈ ಬರುತ್ತಿಲ್ಲ. ಇವರು ತಾವೇ ಬಡಿಸಿ ತಟ್ಟೆಯನ್ನು ನನ್ನ ಮುಂದಿಡುತ್ತಾರೆ, ಅದೇ ಕಷ್ಟ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ.

ವಾರ್ಡಿಗೆ ನಾನು ಕಾಲಿಟ್ಟಾಗ ನೀನು ಔಷಧಿ ತರಲು ಹೋಗಿದ್ದೆ, ಅದಕ್ಕೆ ನಿನಗೆ ಗೊತ್ತಿಲ್ಲ. ಅವಳು ಮಂಚದ ಮೇಲೆ ಎದ್ದು ಕುಳಿತಳು. ಕೈಗೆ ಸೂಜಿ ಚುಚ್ಚಿದೆ, ಕೆನ್ನೆ ಇಳಿದಿದೆ, ಕಣ್ಣು ಮಾತ್ರ ದೊಡ್ಡದಾಗಿ ಹೊಳೆಯುತ್ತಿದೆ. "ಅಮ್ಮಾ, ಲಂಗ ತರಸ್ತಿಯೇನು? ಈಗ ಹಿಡಿಸ್ತೈತಿ ನೋಡು" ಎಂದಳು. ನಾನು ಹೋಗಿ ಅಪ್ಪಿಕೊಂಡೆ. ಅಪ್ಪಿಕೊಂಡಾಗ ಹೊಟ್ಟೆಯನ್ನು ಒಳಗೆಳೆದು ಉಸಿರು ಹಿಡಿದಳು. ಉಸಿರು ಬಿಡು ಸಿರಿ ಎಂದೆ. ಬಿಡಲಿಲ್ಲ. ನಾನು ಕೈ ತೆಗೆದ ಮೇಲೇ ಬಿಟ್ಟಳು.

ನಾನು ಹೆತ್ತ ಮಗಳು ನನ್ನ ತೋಳಿನಲ್ಲಿ ಉಸಿರಾಡಲಿಲ್ಲ ಅಕ್ಕ. ಇದನ್ನು ಯಾರಿಗೆ ಹೇಳಲಿ?

ನಮ್ಮ ಡಾಕ್ಟರು ಏನು ಹೇಳಿದರು ಎಂದು ನೀನು ಜುಲೈನಲ್ಲಿ ಕೇಳಿದ್ದೆ, ನಾನು ಉತ್ತರ ಕೊಟ್ಟಿರಲಿಲ್ಲ. ಇಲ್ಲಿಯ ಡಾಕ್ಟರೂ ಅದನ್ನೇ ಹೇಳಿದ್ದರು. ತೂಕ ನಿಲ್ಲಲಿ, ಇಳಿಸಬೇಡಿ, ಮನೆಯವರೆಲ್ಲ ಒಟ್ಟಿಗೆ ಊಟದ ಪದ್ಧತಿ ಬದಲಿಸಿಕೊಳ್ಳಿ ಎಂದಿದ್ದರು. ಒಂದೆರಡು ವರ್ಷ ಕಾಯಬೇಕು ಎಂದಿದ್ದು ನನಗೆ ಬೇಕಿರಲಿಲ್ಲ. ಸಂಕ್ರಾಂತಿಯೊಳಗೆ ನಾಲ್ಕು ಜನ ಹೊಗಳಬೇಕಿತ್ತು.

ಆಸ್ಪತ್ರೆಯಿಂದಲೇ ಅವಳನ್ನು ಕರೆದುಕೊಂಡು ಬಂದುಬಿಡಬೇಕು ಎಂದುಕೊಂಡಿದ್ದೆ. ಡಾಕ್ಟರು ಈಗ ಜಾಗ ಬದಲಿಸಬೇಡಿ ಎಂದಾಗ ಅವಳ ಮುಖ ನೋಡಿದೆ. ಅಳುತ್ತಾಳೆ ಎಂದುಕೊಂಡೆ. ಅವಳು ನಿನ್ನ ಕಡೆ ನೋಡಿ ಸಣ್ಣಗೆ ನಕ್ಕಳು.

ಹೆತ್ತವಳ ಭಯ ಎಂದು ಬರೆದಿದ್ದೆ. ಆ ಮಾತನ್ನು ಬಿಚ್ಚಿ ಹೊಲಿಯಲು ಬರುವುದಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ.

ಪ್ರಸನ್ನ


ರೊಳ್ಳ
16-2-2025

ಪ್ರಸನ್ನ,

ಕಾಲಿಗೆ ಬೀಳುವುದು ಬೇಡ, ಈ ವಯಸ್ಸಿಗೆ ನನ್ನ ಕಾಲು ಹುಳದ ಮನೆಯಲ್ಲಿ ನಿಂತೇ ಬೇಕಾದಷ್ಟು ನೊಂದಿದೆ. ಅಕ್ಕತಂಗಿಯರ ನಡುವೆ ಬಾಯಿ ತಪ್ಪಿದ್ದು ಹೊಸದೇ? ಬಿಡು. ಸುಳ್ಳು ಹೊಲಿದವಳು ನಾನು, ನಿನ್ನನ್ನು ಯಾವ ಬಾಯಲ್ಲಿ ಬೈಯಲಿ?

ಅವಳು ಸುಧಾರಿಸುತ್ತಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಡಾಕ್ಟರಿಗೆ ತೋರಿಸುತ್ತೇವೆ. ಅವರು ತಕ್ಕಡಿಗೆ ಬೆನ್ನು ಮಾಡಿ ನಿಲ್ಲಿಸಿ ತೂಗುತ್ತಾರೆ, ಎಷ್ಟೆಂದು ಅವಳಿಗೆ ಹೇಳುವುದಿಲ್ಲ. ಹೋದ ತೂಕ ಸ್ವಲ್ಪ ಬಂದಿದೆ, ಬರಬೇಕಾದ್ದೇ ಎಂದರು. ಮಾತನಾಡಿಸಲೆಂದು ಒಬ್ಬ ಮೇಡಂ ಇದ್ದಾರೆ, ಅವರ ಹತ್ತಿರವೂ ಕೂರಿಸುತ್ತೇವೆ. ಖೊಖೊಗೆ ಇನ್ನೂ ಬೇಡವಂತೆ, ನಡೆದರೆ ಸಾಕು.

ಆದರೆ ನಿನ್ನಿಂದ ಮುಚ್ಚಿಡುವುದಿಲ್ಲ, ಮುಚ್ಚಿಟ್ಟು ಆಗಿದ್ದು ಸಾಕು. ತಟ್ಟೆ ಇಟ್ಟರೆ ಮೊದಲು ನನ್ನ ಮುಖ ನೋಡುತ್ತಾಳೆ, ಆಮೇಲೆ ತುತ್ತು ಎತ್ತುತ್ತಾಳೆ. ಮಧ್ಯದಲ್ಲಿ ಕೈ ನಿಂತುಹೋಗುತ್ತದೆ. ಆಗ ನಿನ್ನ ಭಾವ ಏನಾದರೂ ಊರಿನ ಸುದ್ದಿ ತೆಗೆಯುತ್ತಾರೆ, ಅವಳು ಕೇಳುತ್ತ ಕೇಳುತ್ತ ತಿನ್ನುತ್ತಾಳೆ. ಒಂದು ಹೊತ್ತಿನ ಊಟಕ್ಕೆ ಅಷ್ಟು ಕಥೆ ಬೇಕು.

ನೀನು ಅವಳಿಗೆ ಬರೆ. ನನಗಲ್ಲ, ಅವಳಿಗೆ. ಆಟೋ ಬಂದರೆ ಕಾಯಲಿ.

ಅಂಬಮ್ಮ


ರಾಯದುರ್ಗ
2-3-2025

ಸಿರಿ,

ನಿನ್ನ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ದಿನ ನಿನ್ನ ವಿಷಯವನ್ನು ದೊಡ್ಡಮ್ಮನಿಗೆ ಬರೆದೆ, ನಿನಗೆ ಬರೆಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಾನು ತಿರುಗಿ ನೋಡದೆ ಹೋಗಿದ್ದು ನಾಚಿಕೆಯಿಂದ ಅಲ್ಲ ಮಗಳೇ. ಅಳುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳು ನೀರು ಕುಡಿಸಿದಳು. ಆಗಲೇ ನಿನಗೆ ಹೇಳಬೇಕಿತ್ತು.

ಲಂಗ ಹಿಡಿಸಿದ ದಿನ ಕರೆದುಕೊಂಡು ಬರುತ್ತೇನೆ ಎಂದಿದ್ದು ನಾನು ಆಡಿದ ಅತಿ ಕೆಟ್ಟ ಮಾತು. ನಿನ್ನ ಮನೆಗೆ ಬರಲು ನಿನಗೆ ಯಾವ ಅಳತೆಯೂ ಬೇಡ.

ಇಲ್ಲಿ ಈಗ ನಾವೂ ಮುದ್ದೆ ಉಣ್ಣುತ್ತಿದ್ದೇವೆ. ಅಪ್ಪ ಮೊದಲ ದಿನ ಅಗಿಯಲು ಹೋಗಿ ಅಂಗುಳಕ್ಕೆ ಅಂಟಿಸಿಕೊಂಡು ಕುಳಿತಿದ್ದರು. ಸಂಜೆ ಮಿಷನ್ ನಿಲ್ಲಿಸಿ ಇಬ್ಬರೂ ಬೆಟ್ಟದ ಬುಡದವರೆಗೆ ನಡೆಯುತ್ತೇವೆ. ನೀನು ಬಂದರೆ ಮೂವರಾಗುತ್ತೇವೆ.

ಯುಗಾದಿಗೆ ಬಾ. ಹೊಸ ಬಟ್ಟೆ ಏನೂ ಹೊಲಿದಿಲ್ಲ, ಅಂಗಡಿಗೆ ಹೋಗಿ ನಿನಗೆ ಆರಾಮಾದದ್ದನ್ನು ನೀನೇ ಆರಿಸಿಕೋ. ಪರೀಕ್ಷೆ ಮುಗಿದ ಮೇಲೆ ಜೂನಿನಲ್ಲಿ ಇಲ್ಲಿಯ ಸ್ಕೂಲಿಗೇ ಸೇರಿಸೋಣ ಎಂದು ಅಪ್ಪ ಹೆಡ್ಮಾಸ್ಟರ ಹತ್ತಿರ ಮಾತಾಡಿದ್ದಾರೆ. ಏನನ್ನುತ್ತೀ, ನೀನೇ ಬರೆ.

ನಿನ್ನ ಅಮ್ಮ


ರೊಳ್ಳ
12-3-2025

ಪ್ರೀತಿಯ ಅಮ್ಮನಿಗೆ ನಿನ್ನ ಸಿರಿ, ಶಿರಿಷಾ ಬರೆಯುವುದು.

ನಿನ್ನ ಕಾಗದ ಬಂತು. ನಾನು ಎರಡು ಸಲ ಓದಿದೆ. ಅಜ್ಜಿ ನೀರು ಕುಡಿಸಿದ್ದು ಓದಿ ನನಗೂ ಅಳು ಬಂತು. ಅಪ್ಪನ ಮುದ್ದೆ ಓದಿ ನಗು ಬಂತು. ಅಪ್ಪನಿಗೆ ಅಗಿಯಬಾರದು, ನುಂಗಬೇಕು ಅಂತ ಹೇಳು.

ನಾನು ಈಗ ಊಟ ಮಾಡುತ್ತೇನೆ. ತಲೆ ಸುತ್ತುವುದಿಲ್ಲ. ಬಾಗಿಲ ಹತ್ತಿರ ನಿಂತರೆ ತ್ರಿವೇಣಿಗಿಂತ ಎತ್ತರ ಇದ್ದೇನೆ.

ಯುಗಾದಿಗೆ ಬರುತ್ತೇನೆ. ಹಬ್ಬದ ದಿನ ಒಬ್ಬಟ್ಟು ಮಾಡುತ್ತೀಯಲ್ಲ, ನಾನು ಎಷ್ಟು ತಿನ್ನಬಹುದು ಎಂದು ಮೊದಲೇ ಬರೆದು ತಿಳಿಸು. ಅಲ್ಲಿ ಬಂದ ಮೇಲೆ ಕೇಳಲು ನನಗೆ ಆಗುವುದಿಲ್ಲ. ಅನಂತಮ್ಮ ಆಂಟಿ ಬಂದರೆ ನಾನು ಒಳಗಡೆ ಇರುತ್ತೇನೆ, ಕರೆಯಬೇಡ.

ಜೂನಿನ ವಿಷಯಕ್ಕೆ ಏನು ಬರೆಯಬೇಕು ಎಂದು ದೊಡ್ಡಮ್ಮನನ್ನು ಕೇಳಿದೆ. ನಿನ್ನ ಮನಸ್ಸಿಗೆ ಬಂದದ್ದು ಬರೆ ಎಂದು ಹೊರಗೆ ಹೋದಳು. ನೀನು ಒಳ್ಳೆಯವಳು ಅಮ್ಮ. ನನಗೆ ನಿನ್ನ ಮೇಲೆ ಕೋಪ ಇಲ್ಲ.

ಹಬ್ಬ ಮುಗಿದ ಮರುದಿನ ಬೆಳಗಿನ ಬಸ್ಸಿಗೆ ಅಪ್ಪನಿಗೆ ಹತ್ತಿಸಲು ಹೇಳು. ಮಡಕಶಿರದಲ್ಲಿ ದೊಡ್ಡಪ್ಪ ಬಂದು ನನ್ನನ್ನು ನಮ್ಮ ಮನೆಗೆ ಕರೆದುಕೊಂಡು ಹೋಗುತ್ತಾರೆ.

ಇಂತಿ ನಿನ್ನ ಮಗಳು,
ಶಿರಿಷಾ